ಯಾವ ಮದ್ದು, ಎಷ್ಟು ಮದ್ದು: ಕರಿಮದ್ದಿನಿಂದ ಮ್ಯಾಗ್ನಮ್ ರಿವಾಲ್ವರ್‌ವರೆಗೆ

ಕನ್ನಡದಲ್ಲಿ ಕಾಯಿಲೆಗೆ ಕೊಡೋದೂ ಮದ್ದು, ಕೋವಿಗೆ ತುಂಬೋದೂ ಮದ್ದು. ಇದು ನಮ್ಮ ಭಾಷೆಗೆ ಮಾತ್ರ ಇರುವ ವಿಚಿತ್ರ ಅಂತ ತಿಳಿಯಬೇಡಿ. ನೀವು ಚೆನ್ನೈಯಲ್ಲಿದ್ದರೆ ಅಲ್ಲಿಯ 'ಮರುಂದು', ಹೈದರಾಬಾದಿನಲ್ಲಿದ್ದರೆ ಅಲ್ಲಿಯ 'ಮಂದು' ಎರಡೂ ಅರ್ಥದಲ್ಲಿ ಕಿವಿಗೆ ಬಿದ್ದಿರುತ್ತದೆ. ಮುಂಬೈ, ಪುಣೆಯವರಿಗೆ ಮರಾಠಿಯ 'ದಾರೂಗೋಳಾ' ಗೊತ್ತು. ಆ 'ದಾರೂ' ಬಂದದ್ದು ಫಾರ್ಸಿಯಿಂದ, ಫಾರ್ಸಿಯಲ್ಲಿ ಅದರ ಅರ್ಥ ಔಷಧ. ನಮ್ಮ ಮನೆಗಳ ಹಿರಿಯರು ಹೇಳುವ 'ದವಾ-ದಾರೂ' ಅನ್ನೋ ಜೋಡಿಮಾತಿನಲ್ಲಿ ಆ ಹಳೇ ಅರ್ಥ ಇನ್ನೂ ಉಳಿದಿದೆ. ಇನ್ನು ಇದನ್ನು ಮೊದಲು ಕಂಡುಹಿಡಿದ ಚೀನಿಯರು ಇಟ್ಟ ಹೆಸರು 'ಹುವೋ ಯಾವೋ', ಅಂದರೆ ಬೆಂಕಿಯ ಔಷಧ.

ಔಷಧ ಅಂದ ಮೇಲೆ ಎರಡು ಪ್ರಶ್ನೆ ಬಂದೇ ಬರುತ್ತವೆ: ಯಾವುದು, ಎಷ್ಟು? ಬಂದೂಕಿನ ಇತಿಹಾಸ ಬರೆಯುವವರು ಯುದ್ಧ, ಸುಲ್ತಾನ, ಸೇನಾಪತಿ ಅಂತ ಬರೆದು ಮುಗಿಸುತ್ತಾರೆ. ಈ ಎರಡು ಪ್ರಶ್ನೆಗೆ ಕೈ ಬೆರಳು ಒತ್ತೆಯಿಟ್ಟು ಉತ್ತರ ಹುಡುಕಿದವರ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಆ ಕಥೆಯ ಕೊನೆಯ ದೊಡ್ಡ ಅಧ್ಯಾಯ ನಡೆದದ್ದು ಅಮೆರಿಕದಲ್ಲಿ, ಮ್ಯಾಗ್ನಮ್ ರಿವಾಲ್ವರಿನ ತೋಟಾಗಳನ್ನು ಮನೆಯ ಮೇಜಿನ ಮೇಲೆ ತಾವೇ ತುಂಬಿಕೊಳ್ಳುತ್ತಿದ್ದ ಜನರ ನಡುವೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ಇಟ್ಟುಕೊಳ್ಳುವುದೂ ತಯಾರಿಸುವುದೂ ಅಪರಾಧ. ಹಾಗಾಗಿ ಇದನ್ನು ಇತಿಹಾಸವಾಗಿಯೇ ಓದಿ. ಅಳತೆಯ ಪಟ್ಟಿ ಇಲ್ಲಿ ಸಿಗೋದಿಲ್ಲ.

ಅರಬ್ಬಿಯಲ್ಲಿ 'ಬಾರೂದ್' ಅಂದರೆ ಮೊದಮೊದಲು ಸಿಡಿಮದ್ದಲ್ಲ, ಬರೀ ಪೆಟ್ಲುಪ್ಪು. ಸ್ಪೇನಿನ ಮಾಲಗಾದಲ್ಲಿ ಹುಟ್ಟಿ 1248ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನ್ ಅಲ್-ಬೈತಾರ್ ಗಿಡಮೂಲಿಕೆಗಳ ದೊಡ್ಡ ವಿದ್ವಾಂಸರು. ತಮ್ಮ ಔಷಧಕೋಶದಲ್ಲಿ ಅವರು ಇದನ್ನು 'ಚೀನಾದ ಹಿಮ' ಅಂತಲೂ ಕರೆಯುತ್ತಾರೆ ಎಂದು ಬರೆದರು. ಇರಾನಿನವರು 'ಚೀನಿ ಉಪ್ಪು' ಅಂದರು. ಹೆಸರೇ ಮೂಲವನ್ನು ಒಪ್ಪಿಕೊಳ್ಳುತ್ತದೆ, ನೋಡಿ. ಬಾರೂದನ್ನು ಕಂಡುಹಿಡಿದದ್ದೇ ನಾವು ಅಂತ ಎದೆ ತಟ್ಟಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಅದರ ಅಗತ್ಯ ಇಲ್ಲ. ಚೀನಾದ 1044ರ ಯುದ್ಧಗ್ರಂಥ 'ವುಜಿಂಗ್ ಝೋಂಗ್ಯಾವೋ'ದಲ್ಲಿ ಪಾಕವೇ ಇದೆ.

ಆದರೆ ಸಿರಿಯಾದ ಹಸನ್ ಅಲ್-ರಮ್ಮಾಹ್ 13ನೇ ಶತಮಾನದ ಕೊನೆಯಲ್ಲಿ ಕುದುರೆ ಸವಾರಿ ಮತ್ತು ಯುದ್ಧ ಸಾಧನಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ನಿಜವಾದ ಹೆಜ್ಜೆ ಇದೆ. ಗೋಡೆ, ಕೊಟ್ಟಿಗೆ, ಹಳೇ ಮಣ್ಣಿನಿಂದ ಕೆರೆದು ತೆಗೆದ ಪೆಟ್ಲುಪ್ಪಿನಲ್ಲಿ ಸುಣ್ಣದ ಜಾತಿಯ ಲವಣಗಳು ಬೆರೆತಿರುತ್ತವೆ. ಅವು ಗಾಳಿಯ ತೇವ ಹೀರುತ್ತವೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರಾಗೋದು ನೋಡಿಲ್ವಾ, ಹಾಗೆ. ಅಲ್-ರಮ್ಮಾಹ್ ಅದಕ್ಕೆ ಕಟ್ಟಿಗೆಯ ಬೂದಿ ಬೆರೆಸಿ, ಆ ಕಸವನ್ನು ಬೇರ್ಪಡಿಸಿ, ಮತ್ತೆ ಹರಳುಗಟ್ಟಿಸುವ ಕ್ರಮವನ್ನು ಬರೆದಿಟ್ಟರು. ಅವರ ಹಲವು ಪಾಕಗಳಲ್ಲಿ ಪೆಟ್ಲುಪ್ಪಿನ ಪಾಲು ಶೇಕಡ 70ರಿಂದ 75ರ ಆಸುಪಾಸು. ಮುಂದೆ ಯೂರೋಪಿನ ಕಾರ್ಖಾನೆಗಳು ಶತಮಾನಗಟ್ಟಲೆ ತಿದ್ದಿ ತಿದ್ದಿ ನಿಂತದ್ದೂ ಅಲ್ಲಿಯೇ: ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10.

ಬೆರಕೆ ಗೊತ್ತಾದರೆ ಮುಗಿಯಿತು ಅನ್ನಿಸುತ್ತದೆ. ಮುಗಿಯಲಿಲ್ಲ. ಹಿಟ್ಟಿನ ಹಾಗಿದ್ದ ಮದ್ದು ಒಮ್ಮೆ ಒತ್ತಿ ತುಂಬಿದರೆ ನಿಧಾನ ಉರಿಯುತ್ತಿತ್ತು, ಸಡಿಲ ಬಿಟ್ಟರೆ ಬೇರೆ ಥರ. 15ನೇ ಶತಮಾನದಲ್ಲಿ ಯೂರೋಪಿನಲ್ಲಿ ಅದನ್ನು ಒದ್ದೆ ಮಾಡಿ, ಉಂಡೆ ಕಟ್ಟಿ ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು ಹರಳು ಮಾಡುವುದನ್ನು ಕಲಿತರು. ಹರಳುಗಳ ನಡುವೆ ಗಾಳಿ ಇರುತ್ತದೆ, ಬೆಂಕಿ ಕ್ಷಣದಲ್ಲಿ ಓಡುತ್ತದೆ. ಎಷ್ಟು ಓಡಿತು ಅಂದರೆ ಹಳೇ ಫಿರಂಗಿಗಳು ತಾಳಲಿಲ್ಲ. ಆಗ ತಿಳಿಯಿತು: ಸಣ್ಣ ಹರಳು ಬೇಗ ಉರಿಯುತ್ತದೆ, ಅದು ಕೈಕೋವಿಗೆ, ದಪ್ಪ ಹರಳು ನಿಧಾನ, ಅದು ಫಿರಂಗಿಗೆ. ಅಂದರೆ ಒಂದೇ ಮದ್ದು, ಒಂದೇ ತೂಕ, ಜರಡಿಯ ಕಣ್ಣು ಬದಲಾದರೆ ಕೋವಿ ಉಳಿಯಬಹುದು ಅಥವಾ ಒಡೆಯಬಹುದು. ನನಗೆ ಕೇಳಿದರೆ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಆವಿಷ್ಕಾರ ಇಲ್ಲ. 1860ರ ಹೊತ್ತಿಗೆ ಅಮೆರಿಕದ ಸೇನಾಧಿಕಾರಿ ಥಾಮಸ್ ರಾಡ್ಮನ್ ಇದನ್ನೇ ಮುಂದುವರಿಸಿ, ದೊಡ್ಡ ಫಿರಂಗಿಗಳಿಗೆ ತೂತುಗಳಿರುವ ಬಿಲ್ಲೆಯಂಥ ಮದ್ದು ಮಾಡಿದ. ಉರಿಯುತ್ತಾ ಹೋದಂತೆ ತೂತು ದೊಡ್ಡದಾಗಿ, ಒತ್ತಡ ಒಮ್ಮೆಲೇ ಏರದೆ ಗುಂಡಿನ ಬೆನ್ನ ಹಿಂದೆಯೇ ಸಾಗುತ್ತದೆ.

ನಮ್ಮ ಪಾಲು ಇಲ್ಲಿ ಏನು? ಕಚ್ಚಾಮಾಲು ನಮ್ಮದು. ಬಿಹಾರದ ಪೆಟ್ಲುಪ್ಪಿಗೆ ಡಚ್ಚರು, ಫ್ರೆಂಚರು, ಇಂಗ್ಲಿಷರು ಹೊಡೆದಾಡಿದರು. ಪ್ಲಾಸಿ ಕದನದ ಮರುವರ್ಷ, 1758ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಅದರ ಏಕಸ್ವಾಮ್ಯವನ್ನೇ ಮೀರ್ ಜಾಫರ್‌ನಿಂದ ಕಿತ್ತುಕೊಂಡಿತು. ಇನ್ನು ಮೈಸೂರು. ಹೈದರ್ ಮತ್ತು ಟಿಪ್ಪುವಿನ ರಾಕೆಟ್ಟುಗಳ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುತ್ತೇವೆ, 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದದ್ದನ್ನು ಹೇಳುತ್ತೇವೆ. ಆದರೆ ಅಲ್ಲಿ ಗಮನಿಸಬೇಕಾದ್ದು ಮದ್ದಲ್ಲ, ಕೊಳವೆ. ಬೇರೆ ಕಡೆ ಕಾಗದದ ಕೊಳವೆ ಇದ್ದಾಗ ಮೈಸೂರಿನವರದು ಕಬ್ಬಿಣದ್ದು. ಒತ್ತಡ ತಾಳುವ ಕೊಳವೆ ಇದ್ದರೆ ಮದ್ದನ್ನು ಗಟ್ಟಿಯಾಗಿ ತುಂಬಬಹುದು, ರಾಕೆಟ್ ದೂರ ಹೋಗುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಹಳೇ ಬಾವಿಯಲ್ಲಿ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕವು. ಮದ್ದಿಗೂ ಅದನ್ನು ಹಿಡಿದಿಡುವ ಲೋಹಕ್ಕೂ ನಡುವಿನ ಈ ಒಪ್ಪಂದವನ್ನು ನೆನಪಿಡಿ. ಮ್ಯಾಗ್ನಮ್ ಕಥೆಯೂ ಅದೇ.

ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಹಳೇ ರಿವಾಲ್ವರ್ ಅರ್ಥ ಮಾಡಿಕೊಳ್ಳೋದು ಸುಲಭ. ನಳಿಗೆಯ ಬಾಯಿಂದ ಮದ್ದು ಸುರಿದು, ಚರೆಯೋ ಗುಂಡೋ ಹಾಕಿ, ಸರಳಿನಿಂದ ಕುಟ್ಟಿ, ಹಿಂದೆ ಕೇಪು ಸಿಕ್ಕಿಸಿದರೆ ಒಂದು ಈಡು ಸಿದ್ಧ. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರಿನಲ್ಲೂ ಇದೇ ಕೆಲಸ. ವ್ಯತ್ಯಾಸ ಅಂದರೆ ತಿರುಗುವ ಸಿಲಿಂಡರಿನ ಒಂದೊಂದು ಗೂಡಿಗೂ ಒಂದೊಂದು ಈಡು. ಆಗ ಕೋವಿ ಹಿಡಿದವರೆಲ್ಲ ಮದ್ದು ತುಂಬುವವರೇ. ಹಿತ್ತಾಳೆಯ ತೋಟಾ ಬಂದ ಮೇಲೆ, 1873ರಲ್ಲಿ, .45 ಕೋಲ್ಟ್ ಬಂತು. ಅದರಲ್ಲಿ 40 ಗ್ರೇನ್ ಕರಿಮದ್ದು, ಅಂದರೆ ಸುಮಾರು 2.6 ಗ್ರಾಂ, ಗುಂಡು 255 ಗ್ರೇನ್. ಕರಿಮದ್ದಿಗೆ ಒಂದು ದೊಡ್ಡ ಗುಣ ಇತ್ತು. ತೋಟಾ ತುಂಬಿತು ಅಂದರೆ ಮುಗೀತು, ಇನ್ನೂ ಹಾಕೋಕೆ ಜಾಗವೇ ಇಲ್ಲ. ಅತಿಯಾಸೆಗೆ ಪಾತ್ರೆಯೇ ಕಡಿವಾಣ. ದೋಷವೂ ಇತ್ತು: ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗಿ ಮಸಿಯಾಗಿ ಉಳಿಯುತ್ತದೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ನೈಟ್ರೋಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದು ಮಾಡಿದ. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಅದಕ್ಕೆ ನೈಟ್ರೋಗ್ಲಿಸರಿನ್ ಬೆರೆಸಿದ, 1889ರಲ್ಲಿ ಬ್ರಿಟಿಷರ ಕಾರ್ಡೈಟ್ ಬಂತು. ನೀಲಗಿರಿಯ ಅರುವಂಕಾಡಿನಲ್ಲಿರುವ ಕಾರ್ಡೈಟ್ ಕಾರ್ಖಾನೆ ಹುಟ್ಟಿದ್ದೂ ಈ ಅಲೆಯಲ್ಲೇ. (ಕಾರ್ಡೈಟ್ ಮಾಡೋಕೆ ಅಸಿಟೋನ್ ಬೇಕು. ಮೊದಲ ಮಹಾಯುದ್ಧದಲ್ಲಿ ಅದರ ಬರ ಬಂದಾಗ ಹುದುಗುವಿಕೆಯಿಂದ ಅಸಿಟೋನ್ ತೆಗೆಯುವ ವಿಧಾನ ಕೊಟ್ಟವರು ಹೈಮ್ ವೈಝ್ಮನ್, ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದವರು. ಅದಕ್ಕೆ ಉಡುಗೊರೆಯಾಗಿ 1917ರ ಬಾಲ್ಫರ್ ಘೋಷಣೆ ಬಂತು ಅಂತ ಲಾಯ್ಡ್ ಜಾರ್ಜ್ ತಮ್ಮ ನೆನಪುಗಳಲ್ಲಿ ಬರೆದರು. ನಮ್ಮ ಸಭೆಗಳಲ್ಲಿ ಈ ಕಥೆ ಆಗಾಗ ಕೇಳಿಬರುತ್ತದೆ. ಇತಿಹಾಸಕಾರರು ಇದನ್ನು ಅತಿಶಯೋಕ್ತಿ ಅಂತಲೇ ಎಣಿಸುತ್ತಾರೆ. ಸಾಮ್ರಾಜ್ಯಗಳು ಥ್ಯಾಂಕ್ಸ್ ಹೇಳೋಕೆ ಬೇರೆಯವರ ನೆಲ ಕೊಡೋದಿಲ್ಲ, ಅದಕ್ಕೆ ಅವರದೇ ಲೆಕ್ಕ ಇರುತ್ತದೆ.)

ಹೊಸ ಮದ್ದಿನಿಂದ ಹೊಗೆ ಹೋಯಿತು, ಜೊತೆಗೆ ಆ ಹಳೇ ಕಡಿವಾಣವೂ ಹೋಯಿತು. ಸ್ವಲ್ಪ ಜಾಗದಲ್ಲೇ ಬಹಳ ಶಕ್ತಿ. 40 ಗ್ರೇನ್ ಕರಿಮದ್ದು ತುಂಬಿ ತುಳುಕುತ್ತಿದ್ದ ತೋಟಾದಲ್ಲಿ ಹೊಸ ಮದ್ದು ತಳದಲ್ಲಿ ಚಿಟಿಕೆಯಷ್ಟು ಸಾಕು. ಹಳೇ ಅಭ್ಯಾಸದಂತೆ ಅಳತೆಯ ಚಮಚ ತುಂಬಾ ಹಾಕಿದವರ ಕೋವಿ ಒಡೆಯಿತು. ಇದನ್ನು ತಪ್ಪಿಸೋಕೆ ಕೆಲವು ಕಂಪನಿಗಳು ಕರಿಮದ್ದಿನಷ್ಟೇ ಜಾಗ ಹಿಡಿಯುವ ಹಗುರ ಮದ್ದು ಮಾಡಿದವು, ಚಮಚ ಬದಲಿಸಬೇಕಿಲ್ಲ ಅಂತ. ಅಮೆರಿಕದ ಶಾಟ್‌ಗನ್ ತೋಟಾದ ಡಬ್ಬಿಗಳ ಮೇಲೆ 'ಡ್ರಾಮ್ ಸಮಾನ' ಅನ್ನೋ ಅಳತೆ ಇವತ್ತಿಗೂ ಅಚ್ಚಾಗುತ್ತದೆ. ಇಷ್ಟು ಕರಿಮದ್ದು ಮಾಡುವ ಕೆಲಸವನ್ನು ಇದು ಮಾಡುತ್ತದೆ ಅಂತ ಅದರರ್ಥ. ಸತ್ತುಹೋದ ಮದ್ದಿನ ಲೆಕ್ಕದಲ್ಲಿ ಬದುಕಿರುವ ಮದ್ದನ್ನು ಅಳೆಯೋದು!

ಈಗ ಎಲ್ಮರ್ ಕೀತ್ ಹತ್ತಿರ ಬರೋಣ. 1899ರಲ್ಲಿ ಹುಟ್ಟಿದ ಈತ ಮೊಂಟಾನಾ, ಐಡಹೊ ಕಡೆಯ ದನಗಾಹಿ, ಬೇಟೆಯ ಗೈಡ್, ಆಮೇಲೆ ಬರಹಗಾರ. ಬಾಲ್ಯದಲ್ಲಿ ಬೆಂಕಿ ಅನಾಹುತವೊಂದರಲ್ಲಿ ಮೈಕೈ ಸುಟ್ಟುಕೊಂಡಿದ್ದ. ರಿವಾಲ್ವರಿನಿಂದ ಇನ್ನೂ ಹೆಚ್ಚು ಶಕ್ತಿ ಬೇಕು ಅನ್ನೋದು ಆತನ ಹಟ. 1925ರಲ್ಲಿ .45 ಕೋಲ್ಟ್ ತೋಟಾದೊಳಗೆ 40 ಗ್ರೇನ್ ಕರಿಮದ್ದು ತುಂಬಿ, ಮಾಮೂಲಿ 255 ಗ್ರೇನಿನ ಬದಲು ರೈಫಲ್ಲಿನ 300 ಗ್ರೇನ್ ಗುಂಡು ಕೂರಿಸಿ ಹೊಡೆದ. ರಿವಾಲ್ವರಿನ ಸಿಲಿಂಡರಿನ ಮೇಲ್ಭಾಗವೂ ಅದರ ಮೇಲಿನ ಪಟ್ಟಿಯೂ ಹಾರಿಹೋದವು. ಅದನ್ನು ಮುಚ್ಚಿಡದೆ 'ಅಮೆರಿಕನ್ ರೈಫಲ್‌ಮನ್' ಪತ್ರಿಕೆಗೆ ಬರೆದ.

ಮದ್ದು ತಪ್ಪು ಅಂತ ಆತ ಅಲ್ಲಿಗೇ ಬಿಡಲಿಲ್ಲ, ಲೋಹದ ಕಡೆ ನೋಡಿದ. .45ರ ತೋಟಾ ದಪ್ಪ, ಹಾಗಾಗಿ ಸಿಲಿಂಡರಿನ ಗೂಡುಗಳ ನಡುವಿನ ಗೋಡೆ ತೆಳು. ಅದೇ ಅಳತೆಯ ಸಿಲಿಂಡರಿನಲ್ಲಿ .44 ಸ್ಪೆಷಲ್ ತೋಟಾ ಹಾಕಿದರೆ ಗೋಡೆ ದಪ್ಪ ಉಳಿಯುತ್ತದೆ. ಆತ .44ಕ್ಕೆ ಬದಲಾದ, ಅದಕ್ಕೆ ತನ್ನದೇ ಆಕಾರದ ಗುಂಡು ಬಿಡಿಸಿದ. ಉಳಿದದ್ದು ಮದ್ದಿನ ಪ್ರಶ್ನೆ. ಆಗ ರಿವಾಲ್ವರಿಗೆ ಹೆಸರಾಗಿದ್ದ 'ಬುಲ್ಸ್‌ಐ' ಬಹಳ ಚುರುಕು. ಚುರುಕು ಮದ್ದು ಒಣಹುಲ್ಲಿನ ಬೆಂಕಿ ಇದ್ದಂತೆ: ಭಗ್ ಅಂತ ಎದ್ದು, ಗುಂಡು ಕದಲುವ ಮೊದಲೇ ಒತ್ತಡ ತುದಿ ಮುಟ್ಟುತ್ತದೆ. ಭಾರದ ಗುಂಡನ್ನು ಜೋರಾಗಿ ಕಳಿಸಬೇಕಾದರೆ ಬೇಕಾದ್ದು ಹುಣಸೆ ಕೊರಡಿನ ಬೆಂಕಿ, ನಳಿಗೆಯುದ್ದಕ್ಕೂ ಹಿಂದಿನಿಂದ ತಳ್ಳುತ್ತಾ ಹೋಗುವಂಥದು. ದಮ್ ಬಿರಿಯಾನಿ ಮಾಡುವವರಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ. ಆದರೆ ಅತಿ ನಿಧಾನವೂ ಆಗದು: ರಿವಾಲ್ವರಿನ ನಳಿಗೆ ಒಂದು ಗೇಣು ಕೂಡ ಇರೋದಿಲ್ಲ. ರೈಫಲ್ ಮದ್ದು ಹಾಕಿದರೆ ಅರ್ಧ ಉರಿದು ಉಳಿದದ್ದು ಹೊರಗೆ ಉದುರುತ್ತದೆ.

1930ರ ದಶಕದ ಮೊದಲಲ್ಲಿ ಹರ್ಕ್ಯುಲಿಸ್ ಕಂಪನಿ ಹೊರತಂದ '2400' ಅನ್ನೋ ಮದ್ದು ಈ ನಡುವಿನ ಜಾಗಕ್ಕೆ ಸರಿಯಾಗಿ ಕೂತಿತು. (ಈ ಕಂಪನಿಯ ಹುಟ್ಟಿಗೂ ಕಥೆ ಇದೆ. ಡುಪಾಂಟ್ ಕಂಪನಿ ಅಮೆರಿಕದ ಸಿಡಿಮದ್ದನ್ನೆಲ್ಲ ತನ್ನ ಕೈಯಲ್ಲಿ ಹಿಡಿದಿದೆ ಅಂತ ನ್ಯಾಯಾಲಯ ಅದನ್ನು ಒಡೆಸಿತು, 1912ರಲ್ಲಿ ಹರ್ಕ್ಯುಲಿಸ್ ಬೇರೆಯಾಯಿತು.) ಸಣ್ಣ ರೈಫಲ್ ತೋಟಾಗಳಿಗೆ ಬಳಸುತ್ತಿದ್ದ ಈ ಮದ್ದನ್ನು ಕೀತ್ ತನ್ನ .44ಕ್ಕೆ ಒಗ್ಗಿಸಿದ. ಇಪ್ಪತ್ತು ವರ್ಷ ಅದೇ ಆತನ ನೆಚ್ಚಿನದು.

ಕಂಪನಿಗಳು ಸುಮ್ಮನಿರಲಿಲ್ಲ. ಡಗ್ಲಸ್ ವೆಸನ್, ಬರಹಗಾರ ಫಿಲ್ ಶಾರ್ಪ್ ಮುಂತಾದವರ ಪ್ರಯೋಗಗಳಿಂದ 1935ರಲ್ಲಿ ಸ್ಮಿತ್ ಅಂಡ್ ವೆಸನ್ .357 ಮ್ಯಾಗ್ನಮ್ ಹೊರತಂದಿತು. ಮ್ಯಾಗ್ನಮ್ ಅಂದರೆ ದೊಡ್ಡ ಅಳತೆಯ ಶಾಂಪೇನ್ ಬಾಟಲಿ, ಒಂದೂವರೆ ಲೀಟರಿನದು. ಬ್ರಿಟಿಷ್ ಬಂದೂಕು ತಯಾರಕರು ಆ ಹೆಸರನ್ನು ಮೊದಲೇ ಎರವಲು ಪಡೆದಿದ್ದರು. ದಾರೂ ಅನ್ನೋ ಮಾತು ಇಲ್ಲೂ ಬೆನ್ನು ಬಿಡಲಿಲ್ಲ, ನೋಡಿ!

ಆ ತೋಟಾದಲ್ಲಿ ನನಗೆ ಮುಖ್ಯ ಅನ್ನಿಸೋದು ಅದರ ಜೋರಲ್ಲ, ಅದರ ಉದ್ದ. ಹಳೇ .38 ಸ್ಪೆಷಲ್ ಮತ್ತು .357 ಎರಡರ ಗುಂಡೂ ಒಂದೇ ದಪ್ಪ. ಒತ್ತಡ ಮಾತ್ರ ಅಜಗಜಾಂತರ. ಈಗಿನ ಅಮೆರಿಕದ ಮಾನದಂಡದಲ್ಲಿ .38 ಸ್ಪೆಷಲ್‌ಗೆ ಮಿತಿ 17,000 ಪಿಎಸ್‌ಐ, .357ಕ್ಕೆ 35,000. ಹೊಸ ತೋಟಾವನ್ನು ಯಾರಾದರೂ ಹಳೇ ರಿವಾಲ್ವರಿಗೆ ತುರುಕಿದರೆ? ಅದಕ್ಕೆ ಹಿತ್ತಾಳೆಯ ಕೋಶವನ್ನೇ ಸುಮಾರು 3 ಮಿಲಿಮೀಟರ್ ಉದ್ದ ಮಾಡಿದರು. ಹಳೇ ಸಿಲಿಂಡರಿನಲ್ಲಿ ಅದು ಪೂರ್ತಿ ಕೂರೋದೇ ಇಲ್ಲ. ಒಳಗೆ ಮದ್ದಿಗೆ ಜಾಗ ಬೇಕಾಗಿ ಉದ್ದ ಮಾಡಿದ್ದಲ್ಲ; .38ರ ಕೋಶ ಹುಟ್ಟಿದ್ದೇ ಕರಿಮದ್ದಿಗಾಗಿ, ಅದರಲ್ಲಿ ಜಾಗ ಬೇಕಾದಷ್ಟಿತ್ತು. ಓದಲು ಬಾರದವನ ಕೈಯನ್ನೂ ಈ 3 ಮಿಲಿಮೀಟರ್ ಕಾಪಾಡುತ್ತದೆ. ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚುಹಾಕಿ ಕೈತೊಳೆದುಕೊಳ್ಳುವ ಕಂಪನಿಗಳ ನಡುವೆ ಇದು ಮೆಚ್ಚುವ ಕೆಲಸ. 1950ರ ದಶಕದ ಮಧ್ಯದಲ್ಲಿ, ಕೀತ್ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, ರೆಮಿಂಗ್ಟನ್ ಮತ್ತು ಸ್ಮಿತ್ ಅಂಡ್ ವೆಸನ್ ಸೇರಿ .44 ಮ್ಯಾಗ್ನಮ್ ತಂದಾಗಲೂ ಇದೇ ಉಪಾಯ: .44 ಸ್ಪೆಷಲ್‌ಗಿಂತ ಅಷ್ಟೇ ಉದ್ದ. ಅದರ ಮಿತಿ 36,000 ಪಿಎಸ್‌ಐ. ಕೀತ್ ಒಡೆದುಹಾಕಿದ .45 ಕೋಲ್ಟಿನ ಮಿತಿ ಬರೀ 14,000.

ಇನ್ನೊಂದು ಮದ್ದಿನ ಕಥೆ ಹೇಳಿದರೆ ಆಯ್ಕೆಯ ಕಷ್ಟ ಪೂರ್ತಿ ತಿಳಿಯುತ್ತದೆ. 1933ರಲ್ಲಿ ವೆಸ್ಟರ್ನ್ ಕಾರ್ಟ್ರಿಜ್ ಕಂಪನಿಯ ಫ್ರೆಡ್ ಓಲ್ಸೆನ್ ಗುಂಡನೆ ಕಾಳಿನಂಥ 'ಬಾಲ್' ಮದ್ದು ಮಾಡುವ ವಿಧಾನ ಕಂಡುಹಿಡಿದ. ಹಳೇ ಯುದ್ಧದ ಕೆಡುತ್ತಿದ್ದ ಮದ್ದನ್ನು ಕರಗಿಸಿ ಹೊಸದು ಮಾಡುವುದಕ್ಕೂ ಅದು ಬಂತು. ಗುಂಡನೆ ಕಾಳು ಉರಿದಂತೆ ಕುಗ್ಗುತ್ತದೆ, ಹಾಗಾಗಿ ಮೊದಲ ಉರಿಯನ್ನು ತಡೆಯೋಕೆ ಮೇಲೊಂದು ಲೇಪ ಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಸಣ್ಣ ಕಾರ್ಬೈನಿನಲ್ಲಿ ಈ ಜಾತಿಯ ಮದ್ದು ಉರಿಯಿತು. ಯುದ್ಧ ಮುಗಿದ ಮೇಲೆ ಕಾನ್ಸಾಸಿನ ಬ್ರೂಸ್ ಹಾಡ್ಗ್‌ಡನ್ ಸರ್ಕಾರ ಬಿಸಾಡಲಿದ್ದ ಮದ್ದನ್ನು ಟನ್ನುಗಟ್ಟಲೆ ಕೊಂಡು ಮನೆಯಲ್ಲಿ ತೋಟಾ ತುಂಬುವವರಿಗೆ ಮಾರಿದ. ಮ್ಯಾಗ್ನಮ್‌ನವರು ಇಂದಿಗೂ ಹಿಡಿದುಕೊಂಡಿರುವ 'ಎಚ್110' ಆ ದಾರಿಯಲ್ಲಿ ಬಂದದ್ದು. ವಿಂಚೆಸ್ಟರ್ ಹೆಸರಿನ 'ಡಬ್ಲ್ಯೂ296' ಕೂಡ ಅದೇ ಮದ್ದು, ಡಬ್ಬಿ ಮಾತ್ರ ಬೇರೆ.

ಇದರ ಸ್ವಭಾವ ವಿಚಿತ್ರ. ಹೆಚ್ಚು ಹಾಕಿದರೆ ಅಪಾಯ ಅನ್ನೋದು ಯಾರಿಗೂ ಗೊತ್ತು. ಇದರಲ್ಲಿ ಕಡಿಮೆ ಹಾಕಿದರೂ ಅಪಾಯ. ಲೇಪ ಇರುವ ಒತ್ತಾದ ಮದ್ದು. ಕೋಶ ತುಂಬಿ, ಕೇಪು ಬಲವಾಗಿದ್ದು, ಗುಂಡನ್ನು ಕೋಶದ ಬಾಯಿ ಬಿಗಿಯಾಗಿ ಹಿಡಿದಿದ್ದರೆ ಮಾತ್ರ ಸರಿಯಾಗಿ ಉರಿಯುತ್ತದೆ. ಜಾಗ ಖಾಲಿ ಬಿಟ್ಟರೆ ಬೆಂಕಿ ಅರ್ಧ ಹಿಡಿದು ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದು ತಿಳಿಯದೆ ಮುಂದಿನದನ್ನು ಹೊಡೆದವನ ಗತಿ ಏನು? ಅದಕ್ಕೇ ತಯಾರಕರು ನೂರಕ್ಕೆ ಮೂರಕ್ಕಿಂತ ಹೆಚ್ಚು ಇಳಿಸಬೇಡಿ ಅಂತ ಎಚ್ಚರಿಸುತ್ತಾ ಬಂದಿದ್ದಾರೆ. '2400' ಈ ವಿಷಯದಲ್ಲಿ ಸಹನೆಯದು, ಸ್ವಲ್ಪ ಇಳಿಸಿದರೂ ತಾಳುತ್ತದೆ. 'ಬುಲ್ಸ್‌ಐ' ಅಗ್ಗ, ಒಂದು ಡಬ್ಬಿಯಲ್ಲಿ ಸಾವಿರಾರು ತೋಟಾ. ಆದರೆ ಮ್ಯಾಗ್ನಮ್ ಕೋಶದಲ್ಲಿ ಅದನ್ನು ಮೈಮರೆತು ಎರಡು ಸಲ ಸುರಿದರೂ ಕಣ್ಣಿಗೆ ಕಾಣೋದಿಲ್ಲ. ನಿಧಾನದ ಮದ್ದು ಎರಡು ಸಲ ಸುರಿದರೆ ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ. ಅಂದರೆ 1873ರ ಕರಿಮದ್ದಿನ ಆ ಕಡಿವಾಣ ಬೇರೆ ರೂಪದಲ್ಲಿ ವಾಪಸು ಬಂತು. ಅನುಭವಸ್ಥರು ಜೋರಿಗಿಂತ ಮೊದಲು ಇದನ್ನೇ ನೋಡುತ್ತಾರೆ.

ಹಳೇ ಪುಸ್ತಕಗಳ ಅಳತೆಯನ್ನು ಕಣ್ಣುಮುಚ್ಚಿ ನಂಬುವವರೂ ಇದ್ದಾರೆ. ಶಾರ್ಪ್ ಕಾಲದಲ್ಲಿ ಒತ್ತಡ ಅಳೆಯುತ್ತಿದ್ದದ್ದು ತಾಮ್ರದ ಸಣ್ಣ ತುಂಡು ಎಷ್ಟು ಚಪ್ಪಟೆಯಾಯಿತು ಅಂತ ನೋಡಿ. ಈಗ ವಿದ್ಯುತ್ ಸಂವೇದಕ ಕ್ಷಣಕ್ಷಣದ ಏರಿಳಿತ ಬರೆಯುತ್ತದೆ. ಎರಡರ ಅಂಕಿಯೂ ಒಂದಕ್ಕೊಂದು ಹೊಂದೋದಿಲ್ಲ, ಮದ್ದಿನ ತಯಾರಿಕೆಯೂ ಊರಿಂದ ಊರಿಗೆ ಹೋಗಿದೆ. ಕೀತ್ 1984ರಲ್ಲಿ ತೀರಿಕೊಂಡ. ಹರ್ಕ್ಯುಲಿಸ್‌ನ ಮದ್ದಿನ ವಿಭಾಗ 1995ರಲ್ಲಿ ಅಲಯಂಟ್ ಕಂಪನಿಯ ಕೈಗೆ ಹೋಯಿತು. '2400' ಹೆಸರು ಮಾತ್ರ ಡಬ್ಬಿಯ ಮೇಲೆ ಹಾಗೇ ಇದೆ.